ಒಂದನೇ ನಂಬರ್ ಹುಡುಕಬೇಡಿ: ಕಾಮಿಕ್ಸ್ ಎಲ್ಲಿಂದ ಓದಲು ಶುರು ಮಾಡೋದು?

ಅಮರ ಚಿತ್ರಕಥೆಯ ಒಂದನೇ ನಂಬರ್ ಹುಡುಕುತ್ತ ನಾನು ಒಂದಿಡೀ ಬೇಸಿಗೆ ರಜೆ ಕಳೆದಿದ್ದೆ. ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಚಿಕ್ಕಪ್ಪ ಕೂಡಿಟ್ಟ ಚಿತ್ರಕಥೆಗಳು, ರಟ್ಟು ಹರಿದ ಚಂಪಕ, ಇಲಿ ಹಿಕ್ಕೆ, ಎಲ್ಲ ಒಟ್ಟಿಗೆ. ನಂಬರ್ ಪ್ರಕಾರ ಜೋಡಿಸಿ ಒಂದರಿಂದಲೇ ಓದಬೇಕು ಅಂತ ನನ್ನ ಹಠ. ಹನ್ನೊಂದು ಸಿಕ್ಕಿತು, ಅದು ಕೃಷ್ಣ. ಅದರ ಹಿಂದಿನ ಹತ್ತು ಮಾತ್ರ ಎಲ್ಲೂ ಇಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ಗೋಣಿಚೀಲದ ಮೇಲೆ ಹಳೆ ಪುಸ್ತಕ ಹರಡಿಕೊಂಡು ಕೂತವನನ್ನೂ ಕೇಳಿದೆ. ಅವನು ನನ್ನ ಮುಖ ನೋಡಿ, ಸುಮ್ನೆ ಯಾವುದಾದರೊಂದು ತಗೊಂಡು ಹೋಗು ಅಂದ.

ಅವನ ಮಾತೇ ಸರಿ ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಅಮರ ಚಿತ್ರಕಥೆಯನ್ನು ಶುರು ಮಾಡಿದಾಗ ಅದರ ಲೆಕ್ಕ ಹೊರಟಿದ್ದೇ ಹನ್ನೊಂದರಿಂದ. ಏಕೆಂದರೆ 1965ರಲ್ಲೇ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅದೇ ಹೆಸರಿನಲ್ಲಿ ಹತ್ತು ಪುಸ್ತಕ ತಂದಿದ್ದರು. ಅವೆಲ್ಲ ಸಿಂಡರೆಲಾ ಥರದ ವಿದೇಶಿ ಕಥೆಗಳು, ಅದೂ ಕನ್ನಡದಲ್ಲಿ! ಮುಂದೆ ಮರುಮುದ್ರಣ ಮಾಡುವಾಗ ನಂಬರ್‌ಗಳೂ ಬದಲಾದವು. ಹನ್ನೊಂದಾಗಿದ್ದ ಕೃಷ್ಣ 501 ಆದ. ನಾನು ರಜೆ ಹಾಳು ಮಾಡಿಕೊಂಡಿದ್ದು ಇಂಥ ನಂಬರಿಗಾಗಿ.

ಈ ಸಲ ಚೌತಿಗೆ ಕಾರವಾರದಿಂದ ಅಕ್ಕನ ಮಗಳು ಬಂದಿದ್ದಳು. ಪಿಯುಸಿ ಓದುತ್ತಾಳೆ. ಸಿನಿಮಾ ನೋಡಿ ನೋಡಿ ಈಗ ಪುಸ್ತಕವನ್ನೇ ಓದುವ ಆಸೆ ಬಂದಿದೆ. ಮೊಬೈಲ್ ಹಿಡಿದುಕೊಂಡು ಬಂದು, "ಮಾವಾ, ಬ್ಯಾಟ್‌ಮನ್ ಎಲ್ಲಿಂದ ಶುರು ಮಾಡವು? ಒಂದೂ ಗೊತ್ತಾಗ್ತಿಲ್ಲೆ" ಅಂದಳು. ನೋಡಿದರೆ ಬ್ಯಾಟ್‌ಮನ್ ಹೆಸರಿನ ಪುಸ್ತಕಗಳ ಸಾಲು ಮುಗಿಯುವುದೇ ಇಲ್ಲ. ಅದರಲ್ಲಿ ಕಾಲುಭಾಗದ ಮೇಲಾದರೂ '1' ಅಂತ ಬರೆದಿದೆ.

ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಕಾದಂಬರಿಗೆ ಒಂದನೇ ಪುಟ ಇರುತ್ತದೆ, ಸಿನಿಮಾಕ್ಕೆ ಮೊದಲ ಸೀನ್ ಇರುತ್ತದೆ. ಎಂಬತ್ತು ವರ್ಷಕ್ಕೂ ಮೀರಿ ತಿಂಗಳು ತಿಂಗಳು ಬರುತ್ತಿರುವ ಕಥೆಗೆ ಎಲ್ಲಿಯ ಮೊದಲು?

ನಾನು ಅವಳಿಗೆ ಹೇಳಿದ್ದು ಯಕ್ಷಗಾನದ ಲೆಕ್ಕ. ನಮ್ಮ ಕಡೆ ಆಟಕ್ಕೆ ಹೋಗುವವರು ಯಾರೂ ಆದಿಪರ್ವ ಮುಗಿಸಿಕೊಂಡು ಬಂದು ಗದಾಯುದ್ಧ ನೋಡುವುದಿಲ್ಲ. ಕೌರವ ಸರೋವರದಲ್ಲಿ ಅಡಗಿದಲ್ಲಿಂದ ಪ್ರಸಂಗ ಶುರುವಾದರೂ ಯಾರಿಗೂ ತೊಂದರೆಯಿಲ್ಲ. ಬೇಕಾದಷ್ಟು ಹಿಂದಿನ ಕಥೆ ಭಾಗವತರ ಪದ್ಯದಲ್ಲಿ, ವೇಷಧಾರಿಯ ಅರ್ಥದಲ್ಲಿ ಬಂದುಹೋಗುತ್ತದೆ. ಉಳಿದದ್ದನ್ನು ಪಕ್ಕದಲ್ಲಿ ಕೂತವರು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್ ನಡೆಯುವುದೂ ಹೀಗೇ. ಬ್ಯಾಟ್‌ಮನ್ ಯಾವ ಲೇಖಕನ ಸ್ವತ್ತೂ ಅಲ್ಲ, ಡಿಸಿ ಕಂಪನಿಯದ್ದು. ಸ್ಪೈಡರ್‌ಮ್ಯಾನ್ ಮಾರ್ವೆಲ್‌ದು. ಬರೆಯುವವರು, ಬಿಡಿಸುವವರು ಬರುತ್ತಾರೆ, ಹೋಗುತ್ತಾರೆ. ವೇಷ ಮಾತ್ರ ಉಳಿಯುತ್ತದೆ. ಒಬ್ಬ ಲೇಖಕ ಒಂದು ಪಾತ್ರವನ್ನು ಬಿಡದೆ ಬರೆದ ಅವಧಿಗೆ ಅಲ್ಲಿಯವರು 'ರನ್' ಅನ್ನುತ್ತಾರೆ. ಇಷ್ಟು ಗೊತ್ತಾದರೆ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ಹೊನ್ನಾವರದ ಕಡೆ ಆಟದ ಕರಪತ್ರ ಕೈಗೆ ಬಂದರೆ ಜನ ಮೊದಲು ಕೇಳುತ್ತಿದ್ದುದು, ಭಸ್ಮಾಸುರ ಯಾರದ್ದು ಅಂತ. ಚಿಟ್ಟಾಣಿಯವರದ್ದು ಅಂದರೆ ಹೊರಟೇಬಿಡುತ್ತಿದ್ದರು. ಕಾಮಿಕ್ಸ್ ಅಂಗಡಿಯಲ್ಲೂ ಎಷ್ಟನೇ ಬ್ಯಾಟ್‌ಮನ್ ಅಂತ ಕೇಳಬೇಡಿ, ಯಾರ ಬ್ಯಾಟ್‌ಮನ್ ಅಂತ ಕೇಳಿ.

ನಂಬರ್‌ಗಳು ಅಲ್ಲಿ ಎಷ್ಟು ದಾರಿ ತಪ್ಪಿಸುತ್ತವೆ ನೋಡಿ. ಸೂಪರ್‌ಮ್ಯಾನ್ 1938ರಲ್ಲಿ ಬಂದಿದ್ದು ಆಕ್ಷನ್ ಕಾಮಿಕ್ಸ್‌ನ ಒಂದನೇ ಸಂಚಿಕೆಯಲ್ಲೇ, ಅಷ್ಟರ ಮಟ್ಟಿಗೆ ಸರಿ. ಆದರೆ ಬ್ಯಾಟ್‌ಮನ್ 1939ರಲ್ಲಿ ಮೊದಲು ಕಾಣಿಸಿದ್ದು ಡಿಟೆಕ್ಟಿವ್ ಕಾಮಿಕ್ಸ್‌ನ 27ನೇ ಸಂಚಿಕೆಯಲ್ಲಿ. ಸ್ಪೈಡರ್‌ಮ್ಯಾನ್ 1962ರಲ್ಲಿ ಹುಟ್ಟಿದ್ದು ಬೇರೆಯೇ ಹೆಸರಿನ ಪತ್ರಿಕೆಯ 15ನೇ ಸಂಚಿಕೆಯಲ್ಲಿ. ಇನ್ನೊಂದು ಕಡೆ, ಒಂದನೇ ನಂಬರ್ ಜಾಸ್ತಿ ಮಾರಾಟವಾಗುತ್ತದೆ ಅಂತ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಆಗಾಗ ಲೆಕ್ಕವನ್ನು ಅಳಿಸಿ ಹೊಸದಾಗಿ ಒಂದು ಹಾಕುತ್ತಾರೆ. 2011ರಲ್ಲಿ ಡಿಸಿ ಒಂದೇ ಏಟಿಗೆ 52 ಪತ್ರಿಕೆಗಳನ್ನು ಒಂದರಿಂದ ಶುರು ಮಾಡಿತು. 2016ರಲ್ಲಿ ಮತ್ತೊಮ್ಮೆ ಹಲವು ಪತ್ರಿಕೆಗಳಿಗೆ ಹೀಗೇ ಮಾಡಿತು. ಒಂದೇ ಹೀರೊಗೆ ಎಷ್ಟು 'ಒಂದು' ಆದವು ಅಂತ ಈಗ ಎಣಿಸುತ್ತ ಕೂತರೆ ತಲೆ ಕೆಡುತ್ತದೆ.

ನನಗೂ ಒಮ್ಮೆ ಟೋಪಿ ಬಿದ್ದಿದೆ. ಆನ್‌ಲೈನ್‌ನಲ್ಲಿ ದೊಡ್ಡದಾಗಿ '1' ಅಂತಿದ್ದ ದಪ್ಪ ಪುಸ್ತಕ ತರಿಸಿದೆ. ಜುಲೈ ಮಳೆಯಲ್ಲಿ ಅರ್ಧ ಒದ್ದೆಯಾಗಿ ಬಂತು. ಒಲೆ ಹತ್ತಿರ ಇಟ್ಟು ಒಣಗಿಸಿ ಓದಿದರೆ, ಮೊದಲ ಪುಟದಲ್ಲೇ ಮೂವತ್ತು ಜನ ಹೀರೊಗಳು ಯಾವುದೋ ಹಳೆ ಜಗಳವನ್ನು ಮುಂದುವರಿಸಿದ್ದಾರೆ. ಯಾರು ಸತ್ತವರು, ಯಾರು ಸತ್ತು ಬಂದವರು, ಒಂದೂ ಗೊತ್ತಾಗಲಿಲ್ಲ. ಮೂರು ಸಲ ಓದಿದೆ. ಪುಸ್ತಕದ್ದು ತಪ್ಪಿಲ್ಲ. ಅದು ಕೂಡಾಟ. ಎರಡು ಮೇಳದ ದೊಡ್ಡ ಕಲಾವಿದರೆಲ್ಲ ಒಂದೇ ರಂಗಸ್ಥಳದ ಮೇಲೆ ಬಂದಾಗ, ಒಬ್ಬೊಬ್ಬರ ಕುಣಿತ ಮೊದಲೇ ನೋಡಿದವನಿಗೆ ಹಬ್ಬ. ಮೊದಲ ಸಲ ಆಟಕ್ಕೆ ಬಂದವನಿಗೆ ಬರೀ ಗದ್ದಲ. ಸೂಪರ್‌ಹೀರೊಗಳೆಲ್ಲ ಸೇರುವ ಇಂಥ ಕಥೆಗಳನ್ನು 'ಈವೆಂಟ್' ಅನ್ನುತ್ತಾರೆ. ರಟ್ಟಿನ ಮೇಲೆ ತುಂಬಾ ಜನ ಓಡಿಬರುತ್ತಿದ್ದರೆ ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ.

ಹಾಗಾದರೆ ಯಾವುದು? ಬ್ಯಾಟ್‌ಮನ್ ಬೇಕಿದ್ದರೆ ನಾನು ಕಣ್ಣುಮುಚ್ಚಿ ಕೊಡುವುದು 'ಬ್ಯಾಟ್‌ಮನ್: ಇಯರ್ ಒನ್'. ಬರೆದಿದ್ದು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಝುಕೆಲ್ಲಿ. ನಾಲ್ಕೇ ಸಂಚಿಕೆಯ ಕಥೆ. ತಮಾಷೆ ಅಂದರೆ, 1987ರಲ್ಲಿ ಇದು ಮೊದಲು ಬಂದಾಗ ಇದರ ನಂಬರ್ 404ರಿಂದ 407. ಹೊಸಬರಿಗೆ ಒಳ್ಳೆ ಬಾಗಿಲು ಇರುವುದು ನಾನೂರನಾಲ್ಕನೇ ಮನೆಯಲ್ಲಿ!

ಅದರ ಶುರುವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಂದೇ ದಿನ ಇಬ್ಬರು ಗಾಥಮ್ ಊರಿಗೆ ಬರುತ್ತಾರೆ. ಪೊಲೀಸ್ ಅಧಿಕಾರಿ ಗಾರ್ಡನ್ ರೈಲಿನಲ್ಲಿ, ಹನ್ನೆರಡು ವರ್ಷ ಊರು ಬಿಟ್ಟಿದ್ದ, ಮುಂದೆ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ವಿಮಾನದಲ್ಲಿ. ಕೊಳಕು ಕಂಡು ಗಾರ್ಡನ್‌ಗೆ ಅನ್ನಿಸುತ್ತದೆ, ವಿಮಾನದಲ್ಲಿ ಬಂದಿದ್ದರೆ ಈ ಊರು ಚೆನ್ನಾಗಿಯಾದರೂ ಕಾಣುತ್ತಿತ್ತು. ಮೇಲಿಂದ ಹಿಮ ಬಿದ್ದ ಚೊಕ್ಕ ಮಾಡುಗಳನ್ನು ನೋಡುತ್ತ ಬ್ರೂಸ್‌ಗೆ ಅನ್ನಿಸುತ್ತದೆ, ರೈಲಿನಲ್ಲಿ ಬರಬೇಕಿತ್ತು, ಶತ್ರುವನ್ನು ಹತ್ತಿರದಿಂದ ನೋಡಬೇಕಿತ್ತು. ಇಷ್ಟರಲ್ಲಿ ಇಬ್ಬರೂ ಎಂಥವರು ಅಂತ ಗೊತ್ತಾಯಿತು. ಹಿಂದಿನ 403 ಸಂಚಿಕೆ ಓದಿದವನಿಗೆ ಇದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ.

ಸೂಪರ್‌ಮ್ಯಾನ್‌ಗೆ 'ಆಲ್-ಸ್ಟಾರ್ ಸೂಪರ್‌ಮ್ಯಾನ್', ಹನ್ನೆರಡು ಸಂಚಿಕೆ. ಅದರ ಮೊದಲ ಪುಟದಲ್ಲಿ ನಾಲ್ಕು ಚಿತ್ರ, ಎಂಟು ಇಂಗ್ಲಿಷ್ ಪದ. ನಾಶವಾಗುತ್ತಿರುವ ಗ್ರಹ, ದಿಕ್ಕುಗೆಟ್ಟ ವಿಜ್ಞಾನಿಗಳು, ಉಳಿದ ಒಂದೇ ಆಸೆ, ಒಳ್ಳೆ ಮನಸ್ಸಿನ ಗಂಡ ಹೆಂಡತಿ. ಆಗಲೇ ಎಪ್ಪತ್ತು ವರ್ಷದಷ್ಟು ಹಳೆಯದಾಗಿದ್ದ ಪುರಾಣ ಅಲ್ಲಿಗೆ ಮುಗಿಯಿತು, ಪುಟ ತಿರುಗಿಸಿದರೆ ಕಥೆ ಶುರು. ಅಕ್ಕನ ಮಗಳ ವಯಸ್ಸಿನವರಿಗೆ 2014ರಲ್ಲಿ ಶುರುವಾದ 'ಮಿಸ್ ಮಾರ್ವೆಲ್' ಇನ್ನೂ ಹತ್ತಿರವಾದೀತು. ಜರ್ಸಿ ಸಿಟಿಯಲ್ಲಿರುವ ಪಾಕಿಸ್ತಾನಿ ಮೂಲದ ಮನೆಯ ಹುಡುಗಿ ಕಮಲಾ ಖಾನ್. ಶಕ್ತಿ ಬಂದರೂ, ರಾತ್ರಿ ತಡವಾಗಿ ಮನೆಗೆ ಬಂದಿದ್ದೇಕೆ ಅಂತ ಅಪ್ಪ ಅಮ್ಮ ಕೇಳುವುದು ತಪ್ಪಿಲ್ಲ.

ಕೊಳ್ಳುವ ಮುಂಚೆ ಒಂದು ಸಣ್ಣ ಕೆಲಸ. ತಿಂಗಳಿಗೊಮ್ಮೆ ಬರುವ ಬಿಡಿ ಸಂಚಿಕೆಯಲ್ಲಿ ಕಥೆ ಇರುವುದು ಇಪ್ಪತ್ತು, ಇಪ್ಪತ್ತೆರಡು ಪುಟ. ಐದಾರು ಸಂಚಿಕೆ ಸೇರಿಸಿ ಕಟ್ಟಿದ್ದು ಟ್ರೇಡ್ ಪೇಪರ್‌ಬ್ಯಾಕ್. ಇನ್ನೂ ಜಾಸ್ತಿ ಸೇರಿಸಿ ತಲೆದಿಂಬಿನಷ್ಟು ದಪ್ಪ ಮಾಡಿದ್ದು ಆಮ್ನಿಬಸ್. ಮೊದಲಿಗೆ ಟ್ರೇಡ್ ಸಾಕು. ಅದರ ಒಳಪುಟದಲ್ಲಿ, ಕಾಪಿರೈಟ್ ವಿವರ ಇರುವಲ್ಲಿ, ಯಾವ ಪತ್ರಿಕೆಯ ಎಷ್ಟರಿಂದ ಎಷ್ಟನೇ ಸಂಚಿಕೆ ಇದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದೇ ಪತ್ರಿಕೆಯ ಹೆಸರಿದ್ದರೆ ನಿಶ್ಚಿಂತೆ. ನಾಲ್ಕಾರು ಪತ್ರಿಕೆಗಳ ಹೆಸರು ಒಟ್ಟಿಗೆ ಇದ್ದರೆ ಅದು ಕೂಡಾಟ ಆಗಿರುವ ಸಾಧ್ಯತೆ ಜಾಸ್ತಿ. ನನ್ನ ಒದ್ದೆ ಪುಸ್ತಕದಲ್ಲಿ ಒಂಬತ್ತು ಹೆಸರಿದ್ದವು. ನೋಡಿರಲಿಲ್ಲ, ಅಷ್ಟೆ.

ಯುರೋಪಿನ ಕಡೆ ಇಷ್ಟು ಕಷ್ಟವಿಲ್ಲ. ಅಲ್ಲಿ ಆಲ್ಬಮ್ ಪದ್ಧತಿ. ಒಂದು ದೊಡ್ಡ ಅಗಲದ ಪುಸ್ತಕ, ಅದರಲ್ಲಿ ಸಾಮಾನ್ಯವಾಗಿ ಒಂದು ಪೂರ್ತಿ ಕಥೆ. ಆಸ್ಟೆರಿಕ್ಸ್‌ನ ಯಾವ ಆಲ್ಬಮ್ ತೆರೆದರೂ ಮೊದಲು ಅದೇ ನಕ್ಷೆ, ರೋಮನ್ನರು ಇಡೀ ಗಾಲ್ ದೇಶ ಗೆದ್ದಿದ್ದಾರೆ, ಒಂದು ಹಳ್ಳಿ ಮಾತ್ರ ಬಗ್ಗಿಲ್ಲ ಅಂತ ಅದೇ ಮಾತು, ಅದೇ ಪಾತ್ರಗಳ ಪರಿಚಯ. ನಮ್ಮ ಹಿಂದಿನ ತಲೆಮಾರಿನವರು ಇಂದ್ರಜಾಲ ಕಾಮಿಕ್ಸ್‌ನಲ್ಲಿ ಓದಿದ ಫ್ಯಾಂಟಮ್ ಕೂಡ ಹಾಗೇ. ಕಡಲ್ಗಳ್ಳರಿಂದ ತಪ್ಪಿಸಿಕೊಂಡು ದಡ ಸೇರಿದವನು ತಲೆಬುರುಡೆಯ ಮೇಲೆ ಆಣೆ ಮಾಡಿದ್ದು, ಅವನ ವಂಶದ ಇಪ್ಪತ್ತೊಂದನೆಯವನು ಈಗಿನವನು ಅನ್ನುವುದು, ಎಷ್ಟು ಸಲ ಬಂದರೂ ಬೇಜಾರಿಲ್ಲ. ಆಸ್ಟೆರಿಕ್ಸ್‌ನಲ್ಲಿ ನನ್ನದೊಂದು ಪಕ್ಷಪಾತ ಇದೆ: ಗೊಸಿನ್ನಿ ಬರೆದ ಮೊದಲ 24ರಲ್ಲೇ ಆರಿಸಿಕೊಳ್ಳಿ. 1977ರಲ್ಲಿ ಅವರು ತೀರಿಕೊಂಡ ಮೇಲೆ ಚಿತ್ರಕಾರ ಉಡೆರ್ಝೊ ಒಬ್ಬರೇ ಮುಂದುವರಿಸಿದರು. ಚಿತ್ರ ಅಷ್ಟೇ ಚೆಂದ, ನಗು ಕಡಿಮೆ.

ಪತ್ರಕರ್ತ ಹುಡುಗ ಟಿನ್‌ಟಿನ್‌ನ ಕಥೆಗಳಲ್ಲಿ ಮಾತ್ರ ಒಂದನೇ ನಂಬರಿನ ಗುಂಡಿ ಇದೆ. ಬೆಲ್ಜಿಯಂನ ಎರ್ಜೆ 1929ರಲ್ಲಿ ಶುರು ಮಾಡಿದ ಮೊದಲ ಕಥೆ ಕೈ ಕುದುರದ ಹುಡುಗನ ಕೆಲಸದ ಹಾಗಿದೆ. ಎರಡನೆಯದಾದ ಕಾಂಗೊ ಕಥೆಯಲ್ಲಿ ಆಫ್ರಿಕಾದ ಜನರನ್ನು ತೋರಿಸಿದ ರೀತಿ ಈಗ ಓದಿದರೆ ಕಸಿವಿಸಿ. ಎಲ್ಲಕ್ಕಿಂತ ದೊಡ್ಡ ನಷ್ಟ ಅಂದರೆ, ಟಿನ್‌ಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್ ಬರುವುದೇ ಒಂಬತ್ತನೇ ಪುಸ್ತಕದಲ್ಲಿ. ಒಂದರಿಂದ ಓದುತ್ತೇನೆ ಅನ್ನುವವರು ಆ ಮನುಷ್ಯನ ಬೈಗುಳಕ್ಕಾಗಿ ಎಂಟು ಪುಸ್ತಕ ಕಾಯಬೇಕು. 11 ಮತ್ತು 12ನೆಯ ಪುಸ್ತಕಗಳು ಜೋಡಿ. ಯೂನಿಕಾರ್ನ್ ಅನ್ನುವ ಮುಳುಗಿದ ಹಡಗು, ಕೆಂಪು ರ‍್ಯಾಕಮ್ ಅನ್ನುವ ಕಡಲ್ಗಳ್ಳನ ನಿಧಿ. ಬೈತಖೋಲ ಬಂದರಿನಲ್ಲಿ ದೋಣಿ ನೋಡುತ್ತ ಬೆಳೆದ ಕಾರವಾರದ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಶುರು ಬೇರೆ ಇಲ್ಲ. ಆಮೇಲೆ ಟಿಬೆಟ್‌ನ ಕಥೆ ಓದಿ. ಅದರಲ್ಲಿ ಖಳನಾಯಕನೇ ಇಲ್ಲ, ಹಿಮದಲ್ಲಿ ಕಳೆದುಹೋದ ಗೆಳೆಯನ ಹುಡುಕಾಟ ಅಷ್ಟೆ. ದಾರಿಯಲ್ಲಿ ದಿಲ್ಲಿಯಲ್ಲಿಳಿದ ಹ್ಯಾಡಕ್ ರಸ್ತೆಗೆ ಅಡ್ಡ ಮಲಗಿದ ದನವನ್ನು ದಾಟಲು ಹೋಗುತ್ತಾನೆ. ಮುಂದೆ ಏನಾಗುತ್ತದೆ ಅಂತ ದನ ಸಾಕಿದವರಿಗೆ ಹೇಳಬೇಕಾಗಿಲ್ಲ.

ಜಪಾನಿನ ಕಾಮಿಕ್ಸ್‌ಗೆ, ಅಂದರೆ ಮಾಂಗಾಕ್ಕೆ ಬಂದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ತಿರುವುಮುರುವು. ಅಲ್ಲಿ ಒಂದನೇ ನಂಬರೇ ಬೇಕು. ಅಲ್ಲಿ ಸಾಮಾನ್ಯವಾಗಿ ಒಂದು ಕಥೆಗೆ ಒಬ್ಬರೇ ಒಡೆಯರು. ವಾರಪತ್ರಿಕೆಯಲ್ಲೋ ಮಾಸಪತ್ರಿಕೆಯಲ್ಲೋ ಕಂತು ಕಂತಾಗಿ ಬಂದು, ಆಮೇಲೆ ಸಂಪುಟಗಳಾಗುತ್ತದೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಇದ್ದ ಹಾಗೆ. ಏಳನೇ ಕಂತಿನಿಂದ ಓದಿದರೆ ಯಾರು ಯಾರ ಸೊಸೆ ಅಂತ ಗೊತ್ತಾಗುವುದಿಲ್ಲ. ಇಲ್ಲಿ ಯೋಚಿಸಬೇಕಾದ್ದು ಉದ್ದ. 1997ರಲ್ಲಿ ಶುರುವಾದ 'ಒನ್ ಪೀಸ್' ನೂರು ಸಂಪುಟ ದಾಟಿದೆ. ಅಷ್ಟು ಕಪಾಟು, ಅಷ್ಟು ದುಡ್ಡು ಯಾರ ಹತ್ತಿರ ಇದೆ? 'ಡೆತ್ ನೋಟ್' ಹನ್ನೆರಡಕ್ಕೆ ಮುಗಿಯುತ್ತದೆ, 'ಫುಲ್‌ಮೆಟಲ್ ಆಲ್ಕೆಮಿಸ್ಟ್' 27ಕ್ಕೆ. ಮುಗಿದ ಕಥೆಯನ್ನೇ ಹಿಡಿಯಿರಿ.

ಓದುವುದು ಬಲದಿಂದ ಎಡಕ್ಕೆ. ನಮ್ಮ ಲೆಕ್ಕದ ಕೊನೇ ಪುಟ ಅವರ ಮೊದಲ ಪುಟ. ಪುಟದೊಳಗೂ ಬಲಗಡೆ ಮೇಲಿನ ಚೌಕದಿಂದ ಶುರು ಮಾಡಿ ಎಡಕ್ಕೆ ಹೋಗಬೇಕು. ಅಕ್ಕನ ಮಗಳು ಒಂದು ಪುಸ್ತಕ ತೆಗೆದು ನೋಡಿ, ಬೈಂಡಿಂಗ್ ತಪ್ಪಾಗಿದೆ, ವಾಪಸ್ ಕಳಿಸು ಅಂದಿದ್ದಳು. ಹತ್ತು ಪುಟದಲ್ಲಿ ಕಣ್ಣು ಹೊಂದಿಕೊಂಡಿತು.

ಎಲ್ಲಿಂದ ಅನ್ನುವುದಕ್ಕಿಂತ ಹೇಗೆ ಓದೋದು ಅನ್ನುವುದೇ ಕೆಲವರ ಸಮಸ್ಯೆ. ನನ್ನ ಅಮ್ಮನಿಗೆ ಟಿನ್‌ಟಿನ್ ಕೊಟ್ಟರೆ ಗುಳ್ಳೆಯೊಳಗಿನ ಮಾತು ಮಾತ್ರ ಓದಿ, ಇದರಲ್ಲಿ ಏನೂ ಇಲ್ಲವಲ್ಲ ಅಂದಳು. ಹೌದು, ಮಾತಿನಲ್ಲಿ ಜಾಸ್ತಿ ಏನೂ ಇರುವುದಿಲ್ಲ. ಇರುವುದು ಚೌಕ ಚೌಕದ ನಡುವಿನ ಬಿಳಿ ಪಟ್ಟಿಯಲ್ಲಿ. ಹೀಗೆ ಊಹಿಸಿ. ಮೊದಲ ಚೌಕದಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕತ್ತಿ ಎತ್ತಿದ್ದಾನೆ. ಎರಡನೇ ಚೌಕದಲ್ಲಿ ಕೆಳಗೆ ಹಗ್ಗ ಹಿಡಿದವನ ಕೈಯಲ್ಲಿ ಅಡಿಕೆ ಕೊನೆ ಇದೆ. ಕತ್ತಿ ಬೀಸಿದ್ದು, ಕೊನೆ ಹಗ್ಗದ ಮೇಲೆ ಸುರ‍್ರನೆ ಜಾರಿದ್ದು ಎಲ್ಲೂ ಬರೆದಿಲ್ಲ. ಆದರೂ ನೀವು ನೋಡಿದಿರಿ ಅಲ್ವಾ? ಈಗ ನಡುವೆ ಇನ್ನೊಂದು ಚೌಕ ಸೇರಿಸಿ: ಕೆಳಗಿರುವ ಹುಡುಗ ಬೇರೆಲ್ಲೋ ನೋಡುತ್ತಿದ್ದಾನೆ. ಎದೆ ಧಸಕ್ ಅನ್ನುತ್ತದೆ. ಮಾತು ಒಂದೂ ಇಲ್ಲ. ಮೊದಲ ಪುಸ್ತಕವನ್ನು ನಿಧಾನಕ್ಕೆ, ಚಿತ್ರ ನೋಡಿ ಆಮೇಲೆ ಮಾತು ಓದುತ್ತ ಮುಗಿಸಿದರೆ ಈ ಅಭ್ಯಾಸ ತಾನೇ ಬರುತ್ತದೆ.

ಸೂಪರ್‌ಹೀರೊ, ಕಡಲ್ಗಳ್ಳ ಯಾವುದೂ ಬೇಡ ಅನ್ನುವ ದೊಡ್ಡವರಿಗೆ ಗ್ರಾಫಿಕ್ ಕಾದಂಬರಿಗಳಿವೆ. ಅಲ್ಲಿ ಎಲ್ಲಿಂದ ಅನ್ನುವ ಪ್ರಶ್ನೆಯೇ ಇಲ್ಲ, ಹೆಚ್ಚಿನವು ಒಂದೋ ಎರಡೋ ಪುಸ್ತಕಕ್ಕೆ ಮುಗಿಯುತ್ತವೆ. ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪ ನಾಜಿ ಶಿಬಿರದಿಂದ ಬದುಕಿ ಬಂದ ಕಥೆಯನ್ನು 'ಮೌಸ್'ನಲ್ಲಿ ಹೇಳಿದ್ದಾರೆ. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ನಮ್ಮ ದೇಶದ್ದೇ ಬೇಕಿದ್ದರೆ ಒರಿಜಿತ್ ಸೇನ್ 1994ರಲ್ಲಿ ತಂದ 'ರಿವರ್ ಆಫ್ ಸ್ಟೋರೀಸ್', ನರ್ಮದಾ ಅಣೆಕಟ್ಟಿನಿಂದ ಊರು ಕಳೆದುಕೊಳ್ಳುವವರ ಬಗ್ಗೆ. ಸೂಪಾ ಊರು ಕಾಳಿ ನದಿಯ ನೀರಿನಡಿ ಹೋದ ಜಿಲ್ಲೆಯವರಿಗೆ ಅದರ ಅರ್ಥ ಬಿಡಿಸಿ ಹೇಳುವ ಕೆಲಸವಿಲ್ಲ. ಅಂಬೇಡ್ಕರರ ಬದುಕಿನ ಬಗ್ಗೆ 2011ರಲ್ಲಿ ಬಂದ 'ಭೀಮಾಯಣ'ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚೌಕಗಳನ್ನೇ ಬಿಟ್ಟಿದ್ದಾರೆ. ಮೆತ್ತಗಿನ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ. ಜಾತಿ ಕೇಳಿ ದೂರ ನಿಲ್ಲಿಸುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ.

ಕನ್ನಡದಲ್ಲೇ ಓದಬೇಕು ಅಂದರೆ ಆಯ್ಕೆ ಕಡಿಮೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಮರ ಚಿತ್ರಕಥೆ ಇದೆ. ಬಾಲಮಂಗಳದ ಡಿಂಗನನ್ನು ಕಾದು ಕಾದು ಓದಿದವರು ಈಗ ಮಕ್ಕಳ ತಂದೆ ತಾಯಿ ಆಗಿದ್ದಾರೆ, ಹಳೆ ಪ್ರತಿಗಳು ಅವರ ಮನೆ ಅಟ್ಟದಲ್ಲಿ ಇರಬಹುದು, ಕೇಳಿ ನೋಡಿ. ಇಂಗ್ಲಿಷ್ ಅಂದರೆ ಹಿಂಜರಿಯುವ ಮಕ್ಕಳಿಗೂ ಟಿನ್‌ಟಿನ್ ಕೊಡಬಹುದು. ಚಿತ್ರ ಮುಂದೆ ನಡೆಸಿಕೊಂಡು ಹೋಗುತ್ತದೆ, ಇಂಗ್ಲಿಷ್ ಹಿಂದೆ ಬರುತ್ತದೆ. ನಾನು ಇಂಗ್ಲಿಷ್ ಬೈಗುಳ ಕಲಿತಿದ್ದು ಹ್ಯಾಡಕ್‌ನಿಂದಲೇ.

ಚೌತಿ ಮುಗಿಸಿ ಹೊರಟಾಗ ಅಕ್ಕನ ಮಗಳ ಚೀಲಕ್ಕೆ ಯೂನಿಕಾರ್ನ್ ಜೋಡಿ ಮತ್ತು ಇಯರ್ ಒನ್ ಹಾಕಿದೆ. ದೇವಿಮನೆ ಘಟ್ಟ ಇಳಿಯುವಾಗ ಓದಬೇಡ ಕೂಸೇ, ವಾಂತಿ ಬರ್ತದೆ ಅಂತಲೂ ಹೇಳಿದೆ. ಯೂನಿಕಾರ್ನ್ ಮೊದಲು, ಕೆಂಪು ರ‍್ಯಾಕಮ್ ಆಮೇಲೆ ಅಂತ ಎರಡು ಸಲ ಹೇಳಿದ್ದೆ. ರಾತ್ರಿ ಕಾರವಾರದಿಂದ ಫೋನ್ ಬಂತು. ಕುಮಟಾದಲ್ಲಿ ಬಸ್ಸು ನಿಂತಾಗ ಚೀಲದಲ್ಲಿ ಮೇಲೆ ಸಿಕ್ಕಿದ್ದನ್ನೇ ತೆಗೆದು ಓದಿದ್ದಾಳೆ. ಅದು ಎರಡನೇದು.

"ನಿಧಿ ಎಲ್ಲಿತ್ತು ಹೇಳಿ ಗೊತ್ತಾತು ಮಾವಾ. ಹಡಗು ಹ್ಯಾಂಗೆ ಮುಳುಗ್ತು ಹೇಳಿ ಈಗ ನೋಡ್ತಾ ಇದ್ದಿ, ಇಡ್ತಿ."